ಆಪ್ಷನ್ ಎಂಟ್ರಿಗೆ ಮುಂಚೆ ಒಂದು ಶನಿವಾರ ಕೊಡಿ ಸಾರ್

ಹಾಸನ ಜಿಲ್ಲೆಯ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಅಂದ್ರೆ ನಮ್ಮ ಬಾಯಲ್ಲಿ ಡಿಡಿಪಿಯು ಸಾಹೇಬ್ರಿಗೆ, ಜೊತೆಗೆ ಈ ವರ್ಷ ಸೆಕೆಂಡ್ ಪಿಯು ಸೈನ್ಸ್ ಮುಗಿಸಿರೋ ಮಕ್ಕಳ ಅಪ್ಪ ಅಮ್ಮಂದಿರಿಗೂ,

ನಮಸ್ಕಾರ ಸಾರ್. ಹೋದ ವಾರ ರಾತ್ರಿ ಎಂಟೂವರೆಗೆ ಆಲೂರಿನ ಒಂದು ಸೈಬರ್ ಸೆಂಟರಲ್ಲಿ ಕೂತಿದ್ದೆ, ಚಿಕ್ಕಪ್ಪನ ಮಗಳ ಸಿಇಟಿ ಆಪ್ಷನ್ ಎಂಟ್ರಿ ಮಾಡಿಸೋಕೆ, ಅಂದ್ರೆ ಯಾವ ಕಾಲೇಜು, ಯಾವ ಬ್ರಾಂಚು ಬೇಕು ಅಂತ ಆನ್‌ಲೈನಲ್ಲಿ ಲಿಸ್ಟ್ ಹಾಕಿಸೋಕೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹನ್ನೊಂದು ಜನ, ಎಲ್ಲರ ಕೈಲೂ ಒಂದೊಂದು ಪ್ಲಾಸ್ಟಿಕ್ ಫೈಲು. ನಮಗಿಂತ ಮುಂಚೆ ಇದ್ದವರು ಮಗ್ಗೆ ಕಡೆಯ ಒಬ್ಬ ಅಪ್ಪ ಮತ್ತೆ ಅವರ ಮಗ. ಸೈಬರ್ ಹುಡುಗ ಸ್ಕ್ರೀನ್ ಇಂದ ತಲೆ ಎತ್ತದೇನೇ ಕೇಳ್ದ, ಸಿಎಸ್ ತಾನೇ ಅಂತ, ಅಂದ್ರೆ ಕಂಪ್ಯೂಟರ್ ಸೈನ್ಸು. ಅಪ್ಪ ಮಗನ ಮುಖ ನೋಡಿದ್ರು, ಮಗ ಅಪ್ಪನ ಮುಖ ನೋಡ್ದ, ಆಮೇಲೆ ಅಪ್ಪಾನೇ ಹೂಂ ಅಂದ್ರು. ಹುಡುಗನ ಹತ್ರ ಒಂದು ರೆಡಿ ಲಿಸ್ಟ್ ಇತ್ತು, ಹಿಂದಿನವರಿಗೆ ಹಾಕಿದ್ದೇ ಲಿಸ್ಟು, ಅದನ್ನೇ ನೋಡ್ಕೊಂಡು ಟಕಟಕ ಅಂತ ಬೆಂಗಳೂರಿನ ಕಾಲೇಜು ಮೂವತ್ತು, ಹಾಸನದ್ದು ನಾಲ್ಕು, ಚಿಕ್ಕಮಗಳೂರಿಂದು ಒಂದು ಹಾಕ್ದ. ಹತ್ತು ನಿಮಿಷ ಆಗಿರಬಹುದು. ಇನ್ನೂರು ರೂಪಾಯಿ ತಗೊಂಡ. ಹೋಗೋವಾಗ ಆ ಅಪ್ಪ ನನ್ನ ಕಡೆ ತಿರುಗಿ, ನೀವೂ ಇಂಜಿನಿಯರ್ ಅಂತೆ, ಒಳ್ಳೇದೇ ತಾನೆ ಸಾರ್ ಇಂಜಿನಿಯರಿಂಗು ಅಂದ್ರು.

ನಾನು ಹೂಂ ಒಳ್ಳೇದೇ ಅಂದ್ಬಿಟ್ಟೆ. ಏನ್ ಹೇಳ್ಲಿ, ಹಿಂದೆ ಕ್ಯೂ ಇತ್ತು. ಆವತ್ತಿಂದ ಆ ಉತ್ತರ ಗಂಟಲಲ್ಲಿ ಮೀನಿನ ಮುಳ್ಳು ಥರ ಸಿಕ್ಕಾಕ್ಕೊಂಡಿದೆ, ಅದಕ್ಕೇ ಈ ಪತ್ರ.

ನನ್ನ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಇವನ್ಯಾರು ಬುದ್ಧಿ ಹೇಳೋಕೆ ಅಂತೀರ. ಆಲೂರು ತಾಲೂಕಿನ ಹಳ್ಳಿ, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಪಿಯು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದ್ದು, 2012ರಲ್ಲಿ ಸಿಇಟಿ ಬರೆದು ಗೌರ್ಮೆಂಟ್ ಕೋಟಾದಲ್ಲಿ ಮೆಕ್ಯಾನಿಕಲ್ ಸೇರ್ದೆ. ಯಾಕೆ ಮೆಕ್ಯಾನಿಕಲ್ ಅಂದ್ರೆ ನನ್ನ ರ‍್ಯಾಂಕಿಗೆ ಅದು ಸಿಕ್ತು, ಅಷ್ಟೇಯ. ಅಪ್ಪ ಆಲೂಗಡ್ಡೆ ಹಾಕ್ತಿದ್ರು, ಅಂಗಮಾರಿ ರೋಗ ಬಂದ ವರ್ಷ ಫೀಸಿಗೆ ಸೊಸೈಟಿ ಸಾಲ, ರೋಗ ಬಾರದೇ ಇದ್ದ ವರ್ಷ ಆಲೂಗಡ್ಡೆ ದುಡ್ಡು, ಹಂಗೇ ನಾಲ್ಕು ವರ್ಷ ತಳ್ಳಿದ್ರು. ಮೊದಲನೇ ಸೆಮ್‌ನಲ್ಲಿ ಗ್ರಾಫಿಕ್ಸ್ ಕ್ಲಾಸಲ್ಲಿ ಲೆಕ್ಚರರ್ ಐಸೋಮೆಟ್ರಿಕ್ ಪ್ರೊಜೆಕ್ಷನ್ ಅಂದಾಗ ಪಕ್ಕದವನ ಶೀಟ್ ನೋಡ್ಕೊಂಡು ಗೆರೆ ಎಳೆದವನು ನಾನು. ಮೂರನೇ ಸೆಮ್‌ನಲ್ಲಿ ಮ್ಯಾಥ್ಸ್ ತ್ರೀ ಹೋಯ್ತು, ಅಂದ್ರೆ ಫೇಲಾಗಿ ಬ್ಯಾಕ್ ಉಳೀತು. ವಿಟಿಯು ಯೂನಿವರ್ಸಿಟೀಲಿ ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತೆ, ಆ ಸಬ್ಜೆಕ್ಟು ಅದೆಷ್ಟು ಜನರ ಮನೇಲಿ ಊಟ ಸೇರದ ಹಾಗೆ ಮಾಡಿದೆ ಅಂತ. ಮನೇಲಿ ಹೇಳಿರಲಿಲ್ಲ. ಮುಂದಿನ ವರ್ಷ ಪಾಸಾದ್ಮೇಲೆ ಹೇಳ್ದೆ. ಅಪ್ಪ ಬ್ಯಾಕು ಅಂದ್ರೆ ಏನಪ್ಪ ಅಂದ್ರು.

2016ರಲ್ಲಿ ಮುಗೀತು. ಏಳು ತಿಂಗಳು ಮನೇಲಿ ಕೂತು, ಆಮೇಲೆ ಬೆಂಗಳೂರಿನ ಪೀಣ್ಯದ ಒಂದು ಕಂಪನೀಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ, ತಿಂಗಳಿಗೆ ಹನ್ನೊಂದು ಸಾವಿರ. ಬೆಳಿಗ್ಗೆಯಿಂದ ಸಂಜೆ ತನಕ ವರ್ನಿಯರ್ ಹಿಡ್ಕೊಂಡು ಒಂದೇ ಥರದ ಬುಶ್ ಅಳೆಯೋದು. ನನ್ನ ಪಕ್ಕದ ಟೇಬಲ್‌ನಲ್ಲಿ ಅರಸೀಕೆರೆ ಹುಡುಗ, ಡಿಪ್ಲೊಮಾ, ಅವನಿಗೆ ಹದಿನಾಲ್ಕು ಸಾವಿರ, ಯಾಕಂದ್ರೆ ಅವನು ನನಗಿಂತ ಮೂರು ವರ್ಷ ಮುಂಚೆ ಸೇರಿದ್ದ. ವಯಸ್ಸಲ್ಲಿ ನನಗಿಂತ ಚಿಕ್ಕವನು! ಆವತ್ತು ದಾಸರಹಳ್ಳಿ ರೂಮಲ್ಲಿ ಮಲಗಿಕೊಂಡು ಬೆರಳೆಣಿಸಿದೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ಎರಡು ವರ್ಷ ಪಿಯು, ನಾಲ್ಕು ವರ್ಷ ಬಿಇ, ಒಟ್ಟು ಆರು. ಅವನ ದಾರೀಲಿ ಹೋದ್ರೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರಿಗೆ ಇರೋ ಡಿಸಿಇಟಿ ಪರೀಕ್ಷೆ ಬರೆದು ನೇರ ಬಿಇ ಸೆಕೆಂಡ್ ಇಯರ್, ಅಲ್ಲಿ ಮೂರು ವರ್ಷ, ಅದೂ ಒಟ್ಟು ಆರೇ. ಆದ್ರೆ ಅವನ ದಾರೀಲಿ ಮಧ್ಯದಲ್ಲಿ ಒಂದು ಬಸ್‌ಸ್ಟಾಪ್ ಇದೆ, ಬೇಕಾದ್ರೆ ಇಳಿದು ಕೆಲಸಕ್ಕೆ ಹೋಗಬಹುದು, ದುಡ್ಡು ಮಾಡ್ಕೊಂಡು ಮತ್ತೆ ಹತ್ತಬಹುದು. ನಮ್ಮ ದಾರೀಲಿ ಪಿಯು ಸೈನ್ಸ್ ಮುಗಿಸಿ ಇಳಿದ್ರೆ ಕೈಲಿ ಏನೂ ಇರಲ್ಲ. ಈ ಲೆಕ್ಕ ನನಗೆ ಹತ್ತನೇ ಕ್ಲಾಸಲ್ಲಿ ಒಬ್ರೂ ಹೇಳ್ಲಿಲ್ಲ ಸಾರ್. ಡಿಪ್ಲೊಮಾ ಅಂದ್ರೆ ಮಾರ್ಕ್ಸ್ ಕಮ್ಮಿ ಬಂದವರಿಗೆ ಅಂತ ಮಾತ್ರ ಹೇಳಿದ್ರು.

ಎರಡೂವರೆ ವರ್ಷ ಅಲ್ಲಿದ್ದು ವಾಪಸ್ ಬಂದೆ. ಈಗ ಸಕಲೇಶಪುರ ರಸ್ತೆಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್, ಮೋಟ್ರು, ಕಳೆ ಹೊಡೆಯೋ ಮಶೀನು, ಸ್ಪ್ರೇಯರ್ ಎಲ್ಲಾ ರಿಪೇರಿ. ಊರಲ್ಲಿ ಹೇಳ್ತಾರೆ, ಇಂಜಿನಿಯರಿಂಗ್ ಓದಿ ಸ್ಪ್ಯಾನರ್ ಹಿಡಿಯೋಕೆ ಬಂದ ನೋಡು ಅಂತ. ಮೊದಮೊದ್ಲು ಉರಿತಿತ್ತು, ಈಗ ಅಭ್ಯಾಸ ಆಗಿದೆ. ಹಂಗಾದ್ರೆ ನಿನ್ನ ಡಿಗ್ರಿ ವೇಸ್ಟಾ ಅಂತ ಕೇಳ್ತೀರಲ್ವಾ, ಅದಕ್ಕೆ ಒಂದು ಬೇರಿಂಗ್ ಕಥೆ ಹೇಳ್ತೀನಿ.

ನನ್ನ ಜೊತೆ ಕೆಲಸ ಮಾಡೋ ಮೇಸ್ತ್ರಿ ಐಟಿಐ ಫಿಟ್ಟರ್, ಐವತ್ತೈದು ದಾಟಿದೆ. ಓಡ್ತಿರೋ ಮಶೀನಿನ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟು ಹಿಡಿನ ಕಿವಿಗೆ ಒತ್ತಿಕೊಂಡು ಒಂದು ನಿಮಿಷ ಕಣ್ಣು ಮುಚ್ಚಿದ್ರೆ ಸಾಕು, ಯಾವ ಬೇರಿಂಗ್ ಹೋಗಿದೆ ಅಂತ ಹೇಳ್ತಾರೆ. ನನಗೆ ಇನ್ನೂ ಅದು ಬರಲ್ಲ, ಬರೋದೂ ಡೌಟು. ಒಂದು ತೋಟದಲ್ಲಿ ಪಲ್ಪರ್ ಬೇರಿಂಗ್ ಒಂದೇ ಸೀಸನ್‌ಗೆ ಮೂರು ಸಲ ಹೋಯ್ತು. ಅರೇಬಿಕಾ ಹಣ್ಣು ಕುಯ್ದಿದ್ದು ಆವತ್ತೇ ಪಲ್ಪ್ ಆಗ್ಬೇಕು, ಇಲ್ಲಾಂದ್ರೆ ಹುಳಿ ಬಂದು ಬೀಜ ಕೆಡುತ್ತೆ, ಅಂಥ ಟೈಮಲ್ಲಿ ಮಶೀನ್ ನಿಂತ್ರೆ ತೋಟದ ಯಜಮಾನ್ರ ಬಾಯಿಂದ ಬರೋ ಮಾತು ಇಲ್ಲಿ ಬರೆಯೋಕಾಗಲ್ಲ. ಮೇಸ್ತ್ರಿ ಮೂರು ಸಲವೂ ನೀಟಾಗಿ ಹೊಸದು ಹಾಕಿಕೊಟ್ಟಿದ್ರು. ಬೇರಿಂಗ್ ಡೂಪ್ಲಿಕೇಟು ಅಂತ ಅವರ ವಾದ. ನಾನು ಹೋಗಿ ನೋಡ್ದೆ, ಹಳೇ ಮೂರು ಎಚ್‌ಪಿ ಮೋಟ್ರು ತೆಗೆದು ಐದು ಎಚ್‌ಪಿ ಕೂರಿಸಿದ್ರು, ಬೆಲ್ಟ್ ಜಾರ್ತಿದೆ ಅಂತ ಮೋಟ್ರನ್ನ ಹಿಂದಕ್ಕೆ ಎಳೆದು ಎಳೆದು ಬೆಲ್ಟು ವೀಣೆ ತಂತಿ ಥರ ಆಗಿತ್ತು, ಆ ಎಳೆತವೆಲ್ಲಾ ಬೇರಿಂಗ್ ಮೇಲೇ ಬೀಳ್ತಿತ್ತು. ಮಶೀನ್ ಡಿಸೈನ್ ಕ್ಲಾಸಲ್ಲಿ ಒಂದು ಫಾರ್ಮುಲಾ ಇತ್ತು, ಬಾಲ್ ಬೇರಿಂಗ್ ಮೇಲಿನ ಲೋಡ್ ಎರಡು ಪಟ್ಟಾದ್ರೆ ಅದರ ಆಯಸ್ಸು ಅರ್ಧ ಆಗಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು, ಡಾಟಾ ಹ್ಯಾಂಡ್‌ಬುಕ್‌ನ ಆ ಪೇಜಿಗೆ ನಾನು ಟೀ ಚೆಲ್ಲಿದ್ದೂ ನೆನಪಿದೆ. ಪುಲ್ಲಿ ಬದಲಾಯಿಸಿ, ಎರಡೂ ಪುಲ್ಲಿ ಒಂದೇ ಲೈನಿಗೆ ತಂದು, ಬೆಲ್ಟ್ ಸಡಿಲ ಮಾಡಿ ಬಂದೆ. ಮುಂದಿನ ಎರಡು ಸೀಸನ್ ಆ ತೋಟದಿಂದ ಬೇರಿಂಗಿಗೆ ಫೋನ್ ಬರ್ಲಿಲ್ಲ (ವ್ಯಾಪಾರದ ದೃಷ್ಟಿಯಿಂದ ನಷ್ಟಾನೇ, ಹೋಗ್ಲಿ ಬಿಡಿ).

ನನ್ನ ಡಿಗ್ರಿಯಿಂದ ನನಗೆ ಸಿಕ್ಕಿದ್ದು ಅದು ಸಾರ್. ಹೋಗಿರೋದನ್ನ ಬದಲಾಯಿಸೋದು ಮೇಸ್ತ್ರಿಗೆ ನನಗಿಂತ ಚೆನ್ನಾಗಿ ಬರುತ್ತೆ, ಯಾಕೆ ಪದೇ ಪದೇ ಹೋಗ್ತಿದೆ ಅಂತ ಕೂತು ಲೆಕ್ಕ ಹಾಕೋದು ನನಗೆ ಬರುತ್ತೆ. ಗೌರ್ಮೆಂಟ್ ಕೋಟಾ ಫೀಸಿಗೆ ಇದು ಸಿಕ್ಕಿದ್ದು ನನಗೆ ದುಬಾರಿ ಅನ್ಸಲ್ಲ, ಮತ್ತೆ ಹದಿನೆಂಟು ವರ್ಷದವನಾಗಿ ಹುಟ್ಟಿದ್ರೆ ಅದೇ ಸೀಟ್ ತಗೋತೀನಿ. ಆದ್ರೆ ಇದನ್ನೇ ಮ್ಯಾನೇಜ್‌ಮೆಂಟ್ ಸೀಟಲ್ಲಿ ಜಮೀನು ಮಾರಿ ತಗೋಬೇಕಾಗಿದ್ರೆ ಖಂಡಿತ ಬೇಡ ಅಂತಿದ್ದೆ. ಇಂಜಿನಿಯರಿಂಗ್ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರೆ ಅದಕ್ಕೆ ಉತ್ತರಾನೇ ಇಲ್ಲ. ಯಾವ ಹುಡುಗನಿಗೆ, ಯಾವ ಬ್ರಾಂಚು, ಯಾವ ಫೀಸಿಗೆ ಅಂತ ಕೇಳಿದ್ರೆ ಉತ್ತರ ಇದೆ, ಮತ್ತೆ ಆ ಪ್ರಶ್ನೆಯನ್ನ ಸೈಬರ್ ಹುಡುಗ ಕೇಳಲ್ಲ.

ನಮ್ಮ ಜಿಲ್ಲೆಗೆ ಇಂಜಿನಿಯರಿಂಗ್ ಹೊಸದೇನಲ್ಲ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಲ್ಲೇ ಶುರುವಾಗಿದ್ದು, ಪಕ್ಕದ ಚಿಕ್ಕಮಗಳೂರಲ್ಲಿ ಆದಿಚುಂಚನಗಿರಿ ಕಾಲೇಜು 1980ರಲ್ಲಿ. ಮಲ್ನಾಡ್ ಕಾಲೇಜಿರೋ ಹಾಸನದ ಸಾಲಗಾಮೆ ರಸ್ತೆಯಲ್ಲೇ 1982ರಿಂದ ಇಸ್ರೋದ ಎಂಸಿಎಫ್, ಅಂದ್ರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ದೊಡ್ಡ ದೊಡ್ಡ ತಟ್ಟೆ ಆಂಟೆನಾ ನೋಡ್ಕೊಂಡೇ ನಾವು ಬೆಳೆದಿದ್ದು, ದೇಶದ ಸ್ಯಾಟಲೈಟ್‌ಗಳನ್ನ ನಮ್ಮೂರಿಂದ ಕಂಟ್ರೋಲ್ ಮಾಡ್ತಾರೆ ಅಂತ ಎದೆ ಉಬ್ಬಿಸೋದು. ಆದ್ರೆ ಅದೇ ಎಂಸಿಎಫ್‌ಗೆ ಐಟಿಐ ಮಾಡಿದವರನ್ನ ಟೆಕ್ನಿಶಿಯನ್ ಆಗಿ, ಡಿಪ್ಲೊಮಾದವರನ್ನ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ತಗೋತಾರೆ ಅಂತ ಎಷ್ಟು ಪಿಯು ಹುಡುಗರಿಗೆ ಗೊತ್ತು? ಬಿಇ ಮಾಡಿ ಇಸ್ರೋದಲ್ಲಿ ಸೈಂಟಿಸ್ಟ್ ಪೋಸ್ಟಿಗೆ ಹಾಕಬೇಕಂದ್ರೆ ಶೇ 65 ಮಾರ್ಕ್ಸ್ ಕೇಳ್ತಾರೆ, ಬರೀ ಪಾಸಾದವರಿಗೆ ಆ ಗೇಟು ತೆಗೆಯಲ್ಲ. ಕರೆಂಟಿನ ಕೆಪಿಟಿಸಿಎಲ್‌ನಲ್ಲೂ ಹಂಗೇ, ಅಸಿಸ್ಟೆಂಟ್ ಇಂಜಿನಿಯರಿಗೆ ಬಿಇ ಬೇಕು, ಜೂನಿಯರ್ ಇಂಜಿನಿಯರಿಗೆ ಡಿಪ್ಲೊಮಾ, ಪವರ್‌ಮ್ಯಾನ್‌ಗೆ ಎಸ್ಸೆಸ್ಸೆಲ್ಸಿ ಸಾಕು, ಎಲ್ಲರಿಗೂ ಸಂಬಳ ಕೊಡೋದು ಅದೇ ಕೆಪಿಟಿಸಿಎಲ್. ನಮ್ಮ ಪಿಯು ಕಾಲೇಜಿನ ನೋಟಿಸ್ ಬೋರ್ಡಲ್ಲಿ ಇವು ಯಾವುದನ್ನೂ ನಾನು ನೋಡಿಲ್ಲ, ಖಾಸಗಿ ಕಾಲೇಜಿನ ಕಲರ್ ಪೋಸ್ಟರ್ ಮಾತ್ರ ನೋಡಿದ್ದೀನಿ.

ನನ್ನ ಪಿಯು ಗೆಳೆಯ ಒಬ್ಬನ ವಿಷ್ಯ. ಬೇಲೂರು ತಾಲೂಕು, ಪಿಸಿಎಂಬಿ, ಮೆಣಸಿನ ಬಳ್ಳಿ ಎಲೆ ನೋಡಿ ರೋಗ ಹೇಳ್ತಿದ್ದ. ಹಾಸನದ ಪಕ್ಕದಲ್ಲೇ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜಿದೆ, ಕೃಷಿಕರ ಮಕ್ಕಳಿಗೆ ಅಂತಾನೇ ಕೋಟಾ ಇದೆ, ಅದಕ್ಕೆ ಬೀಜ, ಗೊಬ್ಬರ, ಸಲಕರಣೆ ಗುರುತಿಸೋ ಪ್ರಾಕ್ಟಿಕಲ್ ಟೆಸ್ಟ್ ಮಾಡ್ತಾರೆ. ಅವನು ಕಣ್ಮುಚ್ಕೊಂಡು ಪಾಸಾಗ್ತಿದ್ದ. ಆ ಟೆಸ್ಟಿಗೆ ಹೋಗ್ಲೇ ಇಲ್ಲ, ಮಾವ ಬೆಂಗಳೂರಲ್ಲಿದ್ದಾರೆ, ಇ ಅಂಡ್ ಸಿ, ಅಂದ್ರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್, ತಗೊಂಡ್ರೆ ಸಾಫ್ಟ್‌ವೇರಿಗೂ ಹೋಗಬಹುದು ಅಂತ ಹೇಳಿದ್ರಂತೆ. ಆರು ವರ್ಷ ಆಯ್ತು ಮುಗಿಸೋಕೆ. ಈಗ ತೋಟ ನೋಡ್ಕೊಂಡಿದ್ದಾನೆ, ಚೆನ್ನಾಗೇ ಇದ್ದಾನೆ, ರೋಬಸ್ಟಾ ರೇಟು ಏರಿದ್ಮೇಲೆ ನನಗಿಂತ ಎಷ್ಟೋ ಮೇಲು. ಆದ್ರೆ ಆ ಆರು ವರ್ಷದ ಬಗ್ಗೆ ಮಾತು ಬಂದ್ರೆ ಎದ್ದು ಹೋಗ್ತಾನೆ.

ಈಗ ಅಪ್ಪ ಅಮ್ಮಂದಿರ ಕಡೆ ತಿರುಗ್ತೀನಿ. ನೀವು ಫೀಸ್ ಅಂದ್ರೆ ಕಾಲೇಜ್ ಫೀಸ್ ಮಾತ್ರ ಅಂದ್ಕೊಂಡಿದ್ದೀರ. ಖಾಸಗಿ ಕಾಲೇಜಲ್ಲಿ ಗೌರ್ಮೆಂಟ್ ಕೋಟಾ ಸೀಟಿಗೆ ವರ್ಷಕ್ಕೆ ಲಕ್ಷದ ಆಸುಪಾಸು, ಸರ್ಕಾರಿ ಕಾಲೇಜಾದ್ರೆ ಅದಕ್ಕಿಂತ ತುಂಬಾ ಕಮ್ಮಿ. ಬೆಂಗಳೂರಾದ್ರೆ ಇದರ ಮೇಲೆ ಪಿಜಿ, ಊಟ, ಬಸ್ಸು, ಲ್ಯಾಪ್‌ಟಾಪು, ಕೊನೇ ವರ್ಷ ಪ್ರಾಜೆಕ್ಟು, ಅದಾದ್ಮೇಲೆ ಕೆಲಸ ಸಿಗಲಿಲ್ಲ ಅಂತ ಸೇರೋ ಕೋರ್ಸಿನ ದುಡ್ಡು. ಎಲ್ಲಾ ಕೂಡಿಸಿ ಒಂದು ಹಾಳೆ ಮೇಲೆ ಬರೀರಿ. ಅದರ ಪಕ್ಕ ಬರೀರಿ, ದೊಡ್ಡ ದೊಡ್ಡ ಸಾಫ್ಟ್‌ವೇರ್ ಸರ್ವಿಸ್ ಕಂಪನಿಗಳು ಹೊಸಬರಿಗೆ ಕೊಡೋ ಸಂಬಳ ಹತ್ತು ವರ್ಷದಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಸುತ್ತಾನೇ ಗಿರಕಿ ಹೊಡೀತಿದೆ. ನಮ್ಮ ಕಾಲದ ಗೌರ್ಮೆಂಟ್ ಸೀಟಿನ ಲೆಕ್ಕಕ್ಕೆ ಇದು ಸರಿಹೋಗುತ್ತೆ, ಹತ್ತು ಹನ್ನೆರಡು ಲಕ್ಷ ಕೊಟ್ಟು ಮ್ಯಾನೇಜ್‌ಮೆಂಟಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವರ ಲೆಕ್ಕಕ್ಕೆ ಸರಿಹೋಗಲ್ಲ, ಆ ದುಡ್ಡಿನ ಬಡ್ಡಿ ಲೆಕ್ಕ ಹಾಕಿ ನೋಡಿ. ಸಾಲ ಮಾಡೋವ್ರಿಗೂ ಒಂದು ಮಾತು, ನಾಲ್ಕು ಲಕ್ಷದ ತನಕ ಬ್ಯಾಂಕಿನ ಎಜುಕೇಶನ್ ಲೋನಿಗೆ ಆಸ್ತಿ ಅಡ ಕೇಳೋ ಹಾಗಿಲ್ಲ, ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದ್ರೆ ಬಡ್ಡಿ ಮೊದಲನೇ ದಿನದಿಂದಲೇ ಓಡ್ತಿರುತ್ತೆ, ಕಂತು ಇಲ್ಲ ಅಂದ್ರೆ ಬಡ್ಡೀನೂ ಇಲ್ಲ ಅಂದ್ಕೋಬೇಡಿ.

ಇನ್ನೊಂದು, ಇದು ನನಗೆ ಹೊಟ್ಟೆ ಉರಿಸೋ ವಿಷ್ಯ. ಒಂದರಿಂದ ಹತ್ತನೇ ಕ್ಲಾಸ್ ತನಕ ಹಳ್ಳಿ ಶಾಲೇಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮೀಡಿಯಂ ಅಂದ್ರೆ ಶೇ 5. ಇದರ ಜೊತೆ ಎಸ್‌ಎನ್‌ಕ್ಯೂ ಅಂತ ಇದೆ, ಕಾಲೇಜಿನ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5 ಸೀಟು, ಮನೆ ಆದಾಯ ಎಂಟು ಲಕ್ಷದ ಒಳಗಿದ್ರೆ ಟ್ಯೂಶನ್ ಫೀಸು ಮಾಫಿ. ಆವತ್ತು ಸೈಬರಲ್ಲಿ ಕೇಳ್ದೆ, ಹನ್ನೊಂದು ಜನದಲ್ಲಿ ಎಸ್‌ಎನ್‌ಕ್ಯೂ ಹೆಸರು ಕೇಳಿದ್ದವರು ಒಬ್ಬರು, ಅವರೂ ಮೇಷ್ಟ್ರು. ಒಬ್ಬಳು ಹುಡುಗಿ ಹತ್ತು ವರ್ಷ ಪಾಳ್ಯದ ಕಡೆ ಹಳ್ಳೀಲೇ ಓದಿದ್ದಾಳೆ, ಅರ್ಜಿ ಹಾಕೋವಾಗ ಗ್ರಾಮೀಣ ಕಾಲಮ್ಮಿಗೆ ನೋ ಅಂತ ಕೊಟ್ಟಿದ್ದಾರೆ, ಯಾರು ಕೊಟ್ರು ಅಂದ್ರೆ ಸೈಬರವರು ಅಂದ್ಲು, ಸೈಬರವನು ನೀವು ಹೇಳ್ಲಿಲ್ಲ ಅಂದ. ಅವಳ ಅಮ್ಮ ಸೆರಗಿನ ತುದೀಲಿ ರ‍್ಯಾಂಕ್ ಶೀಟನ್ನ ಒರೆಸ್ತಾ ನಿಂತಿದ್ರು, ಮಳೆ ನೀರು ಬಿದ್ದಿತ್ತು ಅದರ ಮೇಲೆ. ಆಮೇಲೆ ಸೀಟು ಬಂದ್ಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಅಂತ ಬರುತ್ತೆ. ಒಂದು ಒತ್ತಿದ್ರೆ ಸಿಕ್ಕಿದ್ದಕ್ಕೆ ಸೇರ್ಕೋಬೇಕು, ಮುಂದಿನ ರೌಂಡ್ ಇಲ್ಲ. ಎರಡು ಅಂದ್ರೆ ಸಿಕ್ಕಿದ್ದು ಕೈಲಿಟ್ಕೊಂಡು ಇನ್ನೂ ಮೇಲಿನದಕ್ಕೆ ಕಾಯೋದು. ಹದಿನೆಂಟು ವರ್ಷದ ಮಗುವಿನ ನಾಲ್ಕು ವರ್ಷ ಆ ಒಂದು ಕ್ಲಿಕ್ಕಲ್ಲಿ ಹೋಗುತ್ತೆ, ಅದನ್ನ ನಾವು ಕರೆಂಟ್ ಬಿಲ್ ಕಟ್ಟಿಸೋ ಥರ ಕಟ್ಟಿಸ್ತಿದ್ದೀವಿ.

ಬ್ರಾಂಚ್ ವಿಷ್ಯಕ್ಕೂ ಒಂದು ಮಾತು. ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡೋ ಎಐಸಿಟಿಇ 2024-25ರಿಂದ ಚೆನ್ನಾಗಿ ನಡೀತಿರೋ ಕಾಲೇಜುಗಳಿಗೆ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನೋ ಮಿತೀನ ತೆಗೆದು ಹಾಕ್ತು, ಆವಾಗಿಂದ ಎಲ್ಲಾ ಕಡೆ ಕಂಪ್ಯೂಟರ್ ಸೈನ್ಸು, ಅದರ ಪಕ್ಕ ಎಐ ಎಂಎಲ್, ಡೇಟಾ ಸೈನ್ಸು, ಸೈಬರ್ ಸೆಕ್ಯುರಿಟಿ ಅಂತ ಒಂದೇ ಹಿಟ್ಟಿಂದ ಬೇರೆ ಬೇರೆ ಅಚ್ಚಿನ ಚಕ್ಕುಲಿ. ಕೋಡಿಂಗ್ ಇಷ್ಟ ಇರೋ ಹುಡುಗರು ಖಂಡಿತ ಹೋಗ್ಲಿ, ಅವರನ್ನ ಯಾರು ತಡೀತಾರೆ. ಆದ್ರೆ ನಮ್ಮ ಚಿಕ್ಕಪ್ಪನ ಮಗಳಿಗೆ ಏನಿಷ್ಟ ಅಂತ ಮೂರು ದಿನ ಕೇಳಿದ್ಮೇಲೆ ನಾಲ್ಕನೇ ದಿನ ಹೇಳಿದ್ಲು, ಅಣ್ಣ ನನಗೆ ಮ್ಯಾಥ್ಸ್ ಅಂದ್ರೆನೇ ಭಯ ಅಂತ. ಸಿಇಟಿ ಬರೆದು ರ‍್ಯಾಂಕ್ ಬಂದ್ಮೇಲೆ ಹೇಳ್ತಿದ್ದಾಳೆ! ಬೈಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ.

ಡಿಡಿಪಿಯು ಸಾಹೇಬ್ರೆ, ನನ್ನ ಬೇಡಿಕೆ ದೊಡ್ಡದೇನಲ್ಲ. ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾಗೋದ್ರೊಳಗೆ ತಾಲೂಕಿಗೆ ಒಂದು ಪಿಯು ಕಾಲೇಜಲ್ಲಿ ಒಂದು ಶನಿವಾರ ಕೊಡಿ. ಖಾಸಗಿ ಕಾಲೇಜಿನವರನ್ನ ಕರೀಬೇಡಿ, ಅವರು ಪೆನ್ನು ಬ್ಯಾಗು ಹಂಚಿ ಪ್ಲೇಸ್‌ಮೆಂಟ್ ಶೇಕಡಾ ನೂರು ಅಂತ ಸ್ಲೈಡ್ ತೋರಿಸ್ತಾರೆ. ಕರೀಬೇಕಾದ್ದು ಇದೇ ತಾಲೂಕಲ್ಲಿ ಓದಿ ಹೋದವರನ್ನ. ಸಾಫ್ಟ್‌ವೇರಲ್ಲಿ ಚೆನ್ನಾಗಿರೋ ಒಬ್ಬರು, ಎರಡು ಬ್ಯಾಕ್ ಇಟ್ಕೊಂಡು ಇನ್ನೂ ಒದ್ದಾಡ್ತಿರೋ ಒಬ್ಬರು, ಡಿಪ್ಲೊಮಾದಿಂದ ಹೋದ ಒಬ್ಬರು, ಅಗ್ರಿ ಮಾಡಿದ ಒಬ್ಬರು, ವಾಪಸ್ ಬಂದ ನನ್ನಂಥವನು ಒಬ್ಬ. ಎಲ್ಲರೂ ತಮ್ಮ ಫೀಸೆಷ್ಟು, ಎಷ್ಟು ವರ್ಷ ಹಿಡೀತು, ಮೊದಲ ಸಂಬಳ ಎಷ್ಟು ಅಂತ ಮೂರು ವಿಷ್ಯ ಹೇಳ್ಲಿ ಸಾಕು, ಭಾಷಣ ಬೇಡ. ಆಮೇಲೆ ಕಂಪ್ಯೂಟರ್ ಲ್ಯಾಬ್ ಬಾಗಿಲು ತೆಗೆಸಿ, ಲೆಕ್ಚರರ್ ಒಬ್ಬರು ಪಕ್ಕದಲ್ಲಿ ಕೂತ್ಕೊಳ್ಳಿ, ಗ್ರಾಮೀಣ, ಎಸ್‌ಎನ್‌ಕ್ಯೂ, ಚಾಯ್ಸ್ ಎಲ್ಲಾ ಅಲ್ಲೇ ತಿಳ್ಕೊಂಡು ಲಿಸ್ಟ್ ಬರ್ಕೊಂಡು ಹೋಗ್ಲಿ. ಇನ್ನೂ ಒಂದು ಆದ್ರೆ ಒಳ್ಳೇದು, ಜಿಲ್ಲೆಯ ಪ್ರತಿ ಇಂಜಿನಿಯರಿಂಗ್ ಕಾಲೇಜಿಂದ ಒಂದು ಹಾಳೆ ತರಿಸಿ. ಬ್ರಾಂಚಿಗೆ ಎಷ್ಟು ಜನ ಸೇರಿದ್ರು, ನಾಲ್ಕೇ ವರ್ಷಕ್ಕೆ ಎಷ್ಟು ಜನ ಮುಗಿಸಿದ್ರು, ಕೆಲಸ ಸಿಕ್ಕವರಲ್ಲಿ ಮಧ್ಯದವನ ಸಂಬಳ ಎಷ್ಟು. ಜಾಸ್ತಿ ಸಂಬಳದವನ ಫೋಟೋ ಹೈವೇ ಫ್ಲೆಕ್ಸಲ್ಲಿ ಇದ್ದೇ ಇದೆ, ನಮಗೆ ಮಧ್ಯದವನದ್ದು ಬೇಕು. ಇಂಜಿನಿಯರಿಂಗ್ ಕಾಲೇಜು ನಿಮ್ಮ ಇಲಾಖೆಗೆ ಬರಲ್ಲ ಅಂತ ಗೊತ್ತು, ಆದ್ರೂ ಮಕ್ಕಳು ನಿಮ್ಮ ಇಲಾಖೆಯಿಂದಲೇ ಅಲ್ಲಿಗೆ ಹೋಗೋದು, ನೀವು ಕೇಳಿದ್ರೆ ಕೊಡ್ತಾರೆ, ಕೊಡಲ್ಲ ಅಂದ ಕಾಲೇಜಿನ ಹೆಸರನ್ನೇ ನೋಟಿಸ್ ಬೋರ್ಡಿಗೆ ಹಾಕಿ.

ಬರೋರಿಗೆ ಟಿಎ ಡಿಎ ಏನೂ ಬೇಡ, ಆಲೂರಿಗೆ ಮತ್ತೆ ಸಕಲೇಶಪುರಕ್ಕೆ ಜನ ನಾನೇ ಹೊಂದಿಸ್ತೀನಿ, ಮೇಸ್ತ್ರಿಯನ್ನೂ ಕರ್ಕೊಂಡು ಬರ್ತೀನಿ, ಅವರು ಮಾತಾಡಲ್ಲ ಆದ್ರೆ ಸ್ಕ್ರೂಡ್ರೈವರ್ ತರ್ತಾರೆ. ಆಪ್ಷನ್ ಎಂಟ್ರಿ ಟೈಮು ಅಂದ್ರೆ ಮಳೆಗಾಲ, ಪಲ್ಪರ್ ಎಲ್ಲಾ ಗೋಣಿಚೀಲ ಹೊದ್ಕೊಂಡು ಮಲಗಿರುತ್ತೆ, ನಮಗೂ ಬಿಡುವು. ಮಗ್ಗೆಯ ಆ ಅಪ್ಪ ಮತ್ತೆ ಎಲ್ಲಾದ್ರೂ ಸಿಕ್ಕಿದ್ರೆ ಅವರಿಗೂ ಬನ್ನಿ ಅಂತ ಹೇಳ್ತೀನಿ, ಆವತ್ತು ನಾನು ಕೊಟ್ಟ ಉತ್ತರ ಅರ್ಧ ಮಾತ್ರ, ಮಿಕ್ಕಿದ್ದನ್ನ ಅಲ್ಲಿ ಕೂತು ಹೇಳ್ಬೇಕು.

ಇಂತಿ,
ಆಲೂರು ತಾಲೂಕಿನ ಒಬ್ಬ ಮೆಕ್ಯಾನಿಕಲ್ ಬಿಇ, 2016ರ ಬ್ಯಾಚು, ಸದ್ಯ ಪಲ್ಪರ್ ರಿಪೇರಿ